ಖಾಲಿ ಬೆಂಚು ಎಣಿಸಿ ರಜೆ ಕೊಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ದೀಪಾವಳಿಯನ್ನು ತನ್ನ ರಜಾ ಪಟ್ಟಿಗೆ ಸೇರಿಸಿಕೊಂಡ ಸುದ್ದಿ 2025ರ ಅಕ್ಟೋಬರಿನಲ್ಲಿ ಬಂತು. ಅಂದು ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿನ ತುಂಬಾ ಪಟಾಕಿ, ಹಣತೆ, ಕೈಮುಗಿದ ಚಿತ್ರಗಳು. "ಇದು ನಮಗೆ ಸಿಕ್ಕ ಮರ್ಯಾದೆ" ಎಂದು ಒಬ್ಬರು ಬರೆದರು. ಅದೇ ಗುಂಪಿನಲ್ಲಿ ಜೂನ್‌ನಲ್ಲಿ ಇನ್ನೊಂದು ಮಾತು ಬಂದಿತ್ತು: "ಬಕ್ರೀದ್‌ಗೆಲ್ಲ ಶಾಲೆಗೆ ಯಾಕೆ ರಜೆ? ಸುಮ್ನೆ ಪಾಠ ಹಾಳು." ಎರಡನ್ನೂ ಬರೆದವನು ಒಬ್ಬನೇ. ನನ್ನ ತಮ್ಮ. ಅವನಿಗೆ ಫೋನಿನಲ್ಲಿ ಹೇಳಿ ಮುಗಿಯಲಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

2024ರ ದೀಪಾವಳಿಗೆ ನಾನು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಆ ನಗರದ ಸರ್ಕಾರಿ ಶಾಲೆಗಳಲ್ಲಿ ಆಗ ಸುಮಾರು 9 ಲಕ್ಷ ಮಕ್ಕಳಿದ್ದರು. ಅವರಿಗೆಲ್ಲ ದೀಪಾವಳಿಗೆ ರಜೆ ಸಿಕ್ಕಿದ್ದು ಅದೇ ಮೊದಲು. ಗವರ್ನರ್ ಕ್ಯಾಥಿ ಹೋಕುಲ್ ಒಂದು ವರ್ಷದ ಹಿಂದೆ, 2023ರ ನವೆಂಬರಿನಲ್ಲಿ ಕಾನೂನಿಗೆ ಸಹಿ ಹಾಕಿದ್ದರು. ಅದಕ್ಕಾಗಿ ವರ್ಷಗಟ್ಟಲೆ ಒತ್ತಾಯ ಮಾಡಿದವರಲ್ಲಿ ನಮ್ಮಂತೆ ನೇರ ಭಾರತದಿಂದ ಹೋದವರಷ್ಟೇ ಇರಲಿಲ್ಲ. ಕ್ವೀನ್ಸ್‌ನ ರಿಚ್ಮಂಡ್ ಹಿಲ್‌ನಲ್ಲಿ ಗಯಾನಾ, ಟ್ರಿನಿಡಾಡ್‌ ಕಡೆಯಿಂದ ಬಂದ ಭಾರತೀಯ ಮೂಲದವರು ತುಂಬಾ ಇದ್ದಾರೆ. ಅವರ ಹಿರಿಯರು ಕಬ್ಬಿನ ತೋಟದ ಕೂಲಿಗೆಂದು ಹಡಗು ಹತ್ತಿದವರು. ಈ ರಜೆಯಲ್ಲಿ ಅವರ ಪಾಲು ದೊಡ್ಡದು.

ಆ ರಜೆ ಬಿದ್ದದ್ದು ನವೆಂಬರ್ 1ಕ್ಕೆ. ನಮ್ಮ ಅಳಿಯ ಮೈಸೂರಿನ ಕಡೆಯವರು. ಅವರ ಮನೆಗೆ ನರಕ ಚತುರ್ದಶಿಯೂ ಬಲಿಪಾಡ್ಯಮಿಯೂ ಮುಖ್ಯ. ಚತುರ್ದಶಿ 31ರಂದೇ ಆಗಿತ್ತು, ಶಾಲೆ ಇತ್ತು. ಬೆಳಿಗ್ಗೆ ಬೇಗ ಎಬ್ಬಿಸಿ ಎಣ್ಣೆ ಸ್ನಾನ ಮಾಡಿಸಿ ಮೊಮ್ಮಗನನ್ನು ಬಸ್ಸಿಗೆ ಓಡಿಸಿದ್ದಾಯಿತು. ಅಂದೇ ಅಲ್ಲಿ ಮಕ್ಕಳು ವೇಷ ಹಾಕುವ ಹ್ಯಾಲೋವೀನ್ ಹಬ್ಬ. ಸೀಗೆಪುಡಿ ವಾಸನೆ ಹೋಗದ ತಲೆಯ ಮೇಲೆ ಸ್ಪೈಡರ್‌ಮ್ಯಾನ್ ಮುಖವಾಡ! ಮರುದಿನ ಶಾಲೆಗೆ ರಜೆ ಎಂದಾಗ ಅವನು, "ಅಜ್ಜಿ, ರಾಜ್ಯೋತ್ಸವಕ್ಕಾ?" ಅಂದ. ಹೌದು ಅಂದುಬಿಟ್ಟೆ.

ಆದರೆ ಶಾಲೆಯ ಕ್ಯಾಲೆಂಡರಿನಲ್ಲಿ ತನ್ನ ಮನೆಯ ಹಬ್ಬದ ಹೆಸರು ಅಚ್ಚಾಗಿದ್ದನ್ನು ಅವನು ಬೆರಳಿಟ್ಟು ತೋರಿಸಿದಾಗ ನನಗೂ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ. ಆ ಕ್ಯಾಲೆಂಡರಿನಲ್ಲಿ ಯಹೂದಿಗಳ ಹಬ್ಬಗಳಿಗೆ ಬಹಳ ಹಿಂದಿನಿಂದಲೂ ರಜೆ ಇದೆ. ಎರಡು ಈದ್‌ಗಳು 2015ರಲ್ಲಿ ಸೇರಿದವು. ಚೀನೀಯರು, ಕೊರಿಯನ್ನರು ಆಚರಿಸುವ ಚಾಂದ್ರಮಾನ ಹೊಸ ವರ್ಷವೂ ಆಗಲೇ ಸೇರಿತು.

ಅದೇ ದಿನ ಇನ್ನೊಂದು ಮುಖವನ್ನೂ ನೋಡಿದೆ. ಕೆಳಗಿನ ಮನೆಯಲ್ಲಿ ಈಕ್ವೆಡಾರ್ ದೇಶದ ಒಬ್ಬಾಕೆ ಇದ್ದಳು. ಹೋಟೆಲಿನಲ್ಲಿ ರೂಮು ಗುಡಿಸುವ ಕೆಲಸ. ಶಾಲೆಗೆ ರಜೆ, ಅವಳಿಗೆ ರಜೆ ಇಲ್ಲ. ಮಗುವನ್ನು ಎಲ್ಲಿ ಬಿಡುವುದು? ನಮ್ಮಲ್ಲೇ ಬಿಟ್ಟು ಹೋದಳು. ಮಗು ಇಡೀ ದಿನ ಕಜ್ಜಾಯ ತಿಂದು ಆಡಿಕೊಂಡಿತ್ತು, ಅದು ಬೇರೆ ಮಾತು. ನಾವು ಇಲ್ಲದಿದ್ದರೆ ಅವಳ ಒಂದು ದಿನದ ಕೂಲಿ ಹೋಗುತ್ತಿತ್ತು. ನ್ಯೂಯಾರ್ಕಿನಲ್ಲಿ ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಮಧ್ಯಾಹ್ನದ ಊಟ ಉಚಿತ. ರಜೆ ಎಂದರೆ ಆ ಊಟವೂ ಇಲ್ಲ. ನಮ್ಮ ಬಿಸಿಯೂಟದ ಹಾಗೇ.

ಹಾಗಾದರೆ ಯಾವ ಹಬ್ಬಕ್ಕೆ ಶಾಲೆ ಮುಚ್ಚಬೇಕು? ಅಮೆರಿಕದ ಸಂವಿಧಾನದ ಪ್ರಕಾರ ಸರ್ಕಾರ ಯಾವ ಧರ್ಮದ ಪರವೂ ನಿಲ್ಲುವಂತಿಲ್ಲ. ಆದ್ದರಿಂದ ಅಲ್ಲಿನ ಶಾಲಾ ಮಂಡಳಿಗಳು ಸಾಮಾನ್ಯವಾಗಿ ಹೇಳುವ ಕಾರಣ ಬೇರೆ: ಆ ದಿನ ಮಕ್ಕಳೂ ಮೇಷ್ಟ್ರುಗಳೂ ಬರುವುದಿಲ್ಲ, ತೆರೆದಿಟ್ಟು ಏನು ಪ್ರಯೋಜನ? ಈ ಲೆಕ್ಕ ನನಗೆ ಒಪ್ಪಿಗೆ. ಮರ್ಯಾದೆಯ ಲೆಕ್ಕ ಹಿಡಿದರೆ ಮಾತ್ರ ಜಗಳ ಮುಗಿಯುವುದಿಲ್ಲ.

ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮರಿ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) 2014ರಲ್ಲಿ ಏನಾಯಿತು ನೋಡಿ. ಕ್ರಿಸ್‌ಮಸ್, ಯಹೂದಿಗಳ ಯೋಮ್ ಕಿಪ್ಪೂರ್ ಇದ್ದ ಹಾಗೆ ನಮ್ಮ ಈದ್ ಹೆಸರನ್ನೂ ಕ್ಯಾಲೆಂಡರಿಗೆ ಸೇರಿಸಿ ಎಂದು ಮುಸ್ಲಿಮರು ಕೇಳಿದರು. ಶಾಲಾ ಮಂಡಳಿ 7–1 ಮತಗಳಿಂದ ಎಲ್ಲ ಹಬ್ಬಗಳ ಹೆಸರನ್ನೂ ಅಳಿಸಿಬಿಟ್ಟಿತು! ರಜೆಗಳು ಹಾಗೇ ಉಳಿದವು. ಕ್ರಿಸ್‌ಮಸ್ ರಜೆ ಬರೀ ಚಳಿಗಾಲದ ರಜೆ ಆಯಿತು. ಕೇಳಿದವರಿಗೆ ಏನೂ ಸಿಗಲಿಲ್ಲ, ಉಳಿದವರಿಗೆ ಅವರ ಮೇಲೆ ಸಿಟ್ಟು ಬಂತು. ಫ್ಲಾರಿಡಾದ ಹಿಲ್ಸ್‌ಬರೋ ಕೌಂಟಿಯಲ್ಲೂ 2005ರಲ್ಲಿ ಹೀಗೇ. ಈದ್ ರಜೆ ಕೇಳಿದ್ದಕ್ಕೆ ಗುಡ್ ಫ್ರೈಡೆ, ಯೋಮ್ ಕಿಪ್ಪೂರ್ ರಜೆಯನ್ನೂ ಕಿತ್ತರು. ಗಲಾಟೆ ಜೋರಾದ ಮೇಲೆ ವಾಪಸ್ ಕೊಟ್ಟರು, ಈದ್ ಮಾತ್ರ ಹೊರಗೇ ಉಳಿಯಿತು.

ನನಗೆ ಹಿಡಿಸಿದ್ದು ನ್ಯೂಜೆರ್ಸಿಯ ಕ್ರಮ. ಅಲ್ಲಿ ರಾಜ್ಯ ಶಿಕ್ಷಣ ಮಂಡಳಿ ಧಾರ್ಮಿಕ ಹಬ್ಬಗಳ ಉದ್ದನೆಯ ಪಟ್ಟಿ ಇಟ್ಟಿದೆ. ಆ ದಿನ ಶಾಲೆ ತೆರೆದಿರಬಹುದು. ಆದರೆ ಹೆತ್ತವರು ಚೀಟಿ ಕೊಟ್ಟರೆ ಮಗುವಿಗೆ ರಜೆ. ತಪ್ಪಿದ ಪರೀಕ್ಷೆಯನ್ನು ಇನ್ನೊಂದು ದಿನ ಕೊಡಲೇಬೇಕು. ಈ ಗೈರುಹಾಜರಿಯಿಂದ ಬಹುಮಾನವೂ ತಪ್ಪಬಾರದು. ಆ ಹಬ್ಬ ಮಾಡುವವರು ಜಾಸ್ತಿ ಇರುವಲ್ಲಿ ಊರಿನ ಶಾಲಾ ಮಂಡಳಿಯೇ ಶಾಲೆ ಮುಚ್ಚುತ್ತದೆ. ಎಡಿಸನ್ ಎಂಬ ಊರಿನಲ್ಲಿ ದೀಪಾವಳಿಗೆ ಮುಚ್ಚುವುದು ಹಾಗೆ.

ಇದೆಲ್ಲ ನಮಗೆ ಹೊಸದೇನಲ್ಲ, ಅಲ್ವಾ? ಕರ್ನಾಟಕ ಸರ್ಕಾರದ ರಜಾ ಪಟ್ಟಿಯ ಕೆಳಗೆ ಪ್ರತಿ ವರ್ಷ ಒಂದು ಟಿಪ್ಪಣಿ ಇರುತ್ತದೆ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ: ಕೊಡಗು ಜಿಲ್ಲೆಗೆ ಮಾತ್ರ. ಹುತ್ತರಿಯಂದು ರಾಯಚೂರಿನಲ್ಲಿ ಶಾಲೆ ನಡೆಯುತ್ತದೆ, ಇಲ್ಲಿ ಕೊಡಗಿನಲ್ಲಿ ನಾವು ಕದಿರು ತೆಗೆದು "ಪೊಲಿ ಪೊಲಿ ದೇವಾ" ಎಂದು ಕೂಗುತ್ತೇವೆ. ಯಾರಿಗೂ ಅವಮಾನವಾಗಿಲ್ಲ. ಊರ ಜಾತ್ರೆಗೆ, ತೇರಿಗೆ ಹೆಡ್‌ಮಾಸ್ಟರ್ ಕೊಡುವ ಸ್ಥಳೀಯ ರಜೆಯೂ ಇದೇ ಜಾತಿಯದು.

ಈಗ ನನ್ನ ತಪ್ಪು ಹೇಳಬೇಕು. ನಾನು ಕೊಡಗಿನ ಒಂದು ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳುತ್ತಿದ್ದೆ. ತೊಂಬತ್ತರ ದಶಕದ ಕೊನೆ. ನಮ್ಮ ಕಡೆಯ ಮಾಪಿಳ್ಳೆ ಮುಸ್ಲಿಮರು ಕರಾವಳಿಯವರ ಹಾಗೆ ಕೇರಳದ ಚಂದ್ರದರ್ಶನ ನೋಡಿ ಹಬ್ಬ ಮಾಡುವುದು ಹೆಚ್ಚು. ಬೆಂಗಳೂರಿನ ಹಬ್ಬ ಎಷ್ಟೋ ಸಲ ಒಂದು ದಿನ ತಡ. ಆ ವರ್ಷ ರಜಾ ಪಟ್ಟಿಯಲ್ಲಿ ರಂಜಾನ್ ಇದ್ದದ್ದು ನಾಳೆಗೆ, ಚಂದ್ರ ಕಂಡು ಹಬ್ಬವಾದದ್ದು ಇವತ್ತು. ನನ್ನ ಕಿರುಪರೀಕ್ಷೆ ಇವತ್ತೇ. ಅರ್ಧ ತರಗತಿ ಖಾಲಿ. ಒಬ್ಬ ಹುಡುಗಿ ಮಾತ್ರ ಅಂಕ ಹೋಗುತ್ತದೆಂಬ ಭಯಕ್ಕೆ ಬಂದಿದ್ದಳು. ಮದರಂಗಿ ಹಚ್ಚಿದ ಕೈಯಲ್ಲಿ ಪೆನ್ನು ಹಿಡಿದು ಲೆಕ್ಕ ಮಾಡಿ, ಬೆಲ್ ಹೊಡೆಯುವ ಮೊದಲೇ ಪೇಪರ್ ಕೊಟ್ಟು ಓಡಿದಳು. ಬಾರದವರಿಗೆಲ್ಲ ಸೊನ್ನೆ ಹಾಕಿದೆ. "ಪಟ್ಟಿಯಲ್ಲಿ ನಾಳೆ ಇದೆಯಲ್ಲ" ಎಂದು ಮರುವಾರ ಬಂದ ಒಬ್ಬ ತಾಯಿಗೆ ಹೇಳಿದೆ. ಆಕೆ ಏನೂ ಹೇಳಲಿಲ್ಲ. ಪೇಪರನ್ನು ನಾಲ್ಕು ಮಡಿಕೆ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಶಾಲೆ ಅಂದು ತೆರೆದಿದ್ದುದು ತಪ್ಪಲ್ಲ. ಪರೀಕ್ಷೆ ಇಟ್ಟದ್ದು, ಆಮೇಲೆ ಮತ್ತೆ ಕೊಡದೆ ಇದ್ದದ್ದು ತಪ್ಪು.

ಹಾಗಾಗಿ ನಮ್ಮ ಶಿಕ್ಷಣ ಇಲಾಖೆಗೂ ಒಂದು ಮಾತು. ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯಲ್ಲಿ ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. ಎಲ್ಲರ ಹಬ್ಬಕ್ಕೂ ಎಲ್ಲ ಕಡೆ ಬಾಗಿಲು ಹಾಕಲು ಆಗದು. ಹಿಂದಿನ ಮೂರು ವರ್ಷದ ಹಾಜರಿ ಪುಸ್ತಕ ತೆಗೆದು ನೋಡಲಿ. ಹಬ್ಬದ ದಿನ ಕಾಲು ಭಾಗ ಬೆಂಚು ಖಾಲಿ ಇದ್ದರೆ ಆ ತಾಲ್ಲೂಕಿನಲ್ಲಿ ಮುಚ್ಚಲಿ, ಅದು ಯಾವ ಹಬ್ಬವೇ ಇರಲಿ. ಕಾಲು ಭಾಗ ಎಂಬುದು ನನ್ನ ಅಂದಾಜು, ಬೇರೆ ಲೆಕ್ಕವಿದ್ದರೆ ಹೇಳಲಿ.

ಇದರಲ್ಲಿ ಒಂದು ದೋಷವಿದೆ, ಗೊತ್ತು. ನಮ್ಮ ಪೇಟೆಯಲ್ಲಿ ಜೈನ ಮಕ್ಕಳು ಇಬ್ಬರೋ ಮೂವರೋ. ಅವರ ಸಂವತ್ಸರಿ ಹಬ್ಬಕ್ಕೆ ಆ ಬೆಂಚು ಖಾಲಿಯಾದರೆ ಯಾರಿಗೂ ಕಾಣುವುದೇ ಇಲ್ಲ. ನ್ಯೂಜೆರ್ಸಿಯಂಥ ನಿಯಮ ಬೇಕಾಗಿರುವುದು ಅವರಿಗೇ. ಆ ದಿನ ಪರೀಕ್ಷೆ ಬೇಡ, ಹೊಸ ಪಾಠ ಬೇಡ, ಹಾಜರಿ ಕಡಿತ ಬೇಡ. ಶಾಲೆಯ ಕ್ಯಾಲೆಂಡರಿನಲ್ಲಿ ಹೆಸರು ಮಾತ್ರ ಎಲ್ಲ ಹಬ್ಬದ್ದೂ ಇರಲಿ. ಅದಕ್ಕೆ ಒಂದು ಸಾಲು ಶಾಯಿ ಸಾಕು.

ತಮ್ಮನಿಗೂ ಇಷ್ಟನ್ನೇ ಹೇಳಿದೆ. "ನೋಡೋಣ ಅಕ್ಕಾ" ಅಂದ. ಹುತ್ತರಿಗೆ ಊರಿಗೆ ಬರುತ್ತಾನೆ. ಅವನ ಮಕ್ಕಳು ಓದುವುದು ಬೆಂಗಳೂರಿನಲ್ಲಿ, ಅಲ್ಲಿ ಅಂದು ಶಾಲೆ ಇರುತ್ತದೆ. ಮಕ್ಕಳಿಗೆ ರಜೆ ಚೀಟಿ ಬರೆಯುವಾಗ ಏನೆಂದು ಬರೆದೆ ಎಂದು ಕೇಳಬೇಕು.

– ನಿವೃತ್ತ ಶಿಕ್ಷಕಿ, ಸುಂಟಿಕೊಪ್ಪ, ಕೊಡಗು