ಸಹಿ ಹಾಕಿ ಬಾ ಎನ್ನಬೇಡಿ, ಅಪ್ಪ

ಟೆಕ್ಸಾಸ್
ಗುರುವಾರ, ರಾತ್ರಿ

ತೀರ್ಥರೂಪು ಅಪ್ಪನವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಯಿತೆಂದು ಸುಮಾ ಹೇಳಿದಳು, ಸಂತೋಷ.

ನೀವು ಬರೆದು, ಸುಮಾಳಿಂದ ಫೋಟೊ ತೆಗೆಸಿ ಕಳಿಸಿದ ಎರಡು ಪುಟ ಓದಿದೆ. ಶೇಖರ ಮಾವ ಹೇಳಿದ್ದು ಅರ್ಧ ನಿಜ. ನನ್ನ ಮೇಲೆ, ನಮ್ಮಂಥ ನರ್ಸುಗಳಿಗೆ ಲೈಸೆನ್ಸ್ ಕೊಡುವ ನರ್ಸಿಂಗ್ ಬೋರ್ಡಿಗೆ ದೂರು ಹೋಗಿದೆ. ಪೊಲೀಸರು, ಜೈಲು, ಗಡೀಪಾರು ಎಲ್ಲವೂ ಮಾವ ಹಾಕಿದ ಒಗ್ಗರಣೆ. ಅಧಿಕೃತ ಆರೋಪಪಟ್ಟಿ ಸಲ್ಲಿಸುವವರೆಗೆ ಇಂಥ ದೂರನ್ನು ಬೋರ್ಡು ಗುಟ್ಟಾಗಿ ಇಡಬೇಕೆಂದು ಇಲ್ಲಿ ಕಾನೂನಿದೆ. ಬೋರ್ಡು ಇಟ್ಟಿದೆ, ನಮ್ಮ ಬಂಧುಗಳ ಕೈಲಿ ಆಗಲಿಲ್ಲ.

ನಡೆದದ್ದು ಇಷ್ಟು. ವಾರ್ಡಿನಲ್ಲಿ ಮಾರ್ಫಿನ್‌ನಂಥ ಚಟ ಹಿಡಿಸಬಲ್ಲ ನೋವಿನ ಔಷಧಿ ಯಂತ್ರದ ಕಪಾಟಿನಲ್ಲಿರುತ್ತದೆ. ಬೆರಳೊತ್ತಿದರೆ ಖಾನೆ ತೆರೆಯುತ್ತದೆ. ಯಾರು, ಎಷ್ಟು ಹೊತ್ತಿಗೆ, ಎಷ್ಟು ತೆಗೆದರೆಂದು ಬರೆದುಕೊಳ್ಳುತ್ತದೆ. ನಾಲ್ಕು ಮಿಲಿಗ್ರಾಂ ತೆಗೆದು ರೋಗಿಗೆ ಎರಡೇ ಕೊಟ್ಟರೆ, ಉಳಿದೆರಡನ್ನು ಇನ್ನೊಬ್ಬ ನರ್ಸಿನ ಕಣ್ಣೆದುರು ಚೆಲ್ಲಿ ಇಬ್ಬರೂ ದಾಖಲಿಸಬೇಕು. ಚೆಲ್ಲುವುದಕ್ಕೂ ಸಾಕ್ಷಿ ಬೇಕಾದ ದೇಶ! ಒಂದು ರಾತ್ರಿ ಇಬ್ಬರು ರೋಗಿಗಳ ಸ್ಥಿತಿ ಒಟ್ಟಿಗೇ ಬಿಗಡಾಯಿಸಿದಾಗ ಮೂರು ಸಲ ಚೆಲ್ಲಿದೆ, ಒಂದು ಸಲವೂ ದಾಖಲಿಸಲಿಲ್ಲ. ಆಮೇಲೆ ಮಾಡಿದರಾಯಿತು ಎಂದುಕೊಂಡೆ. ಲೆಕ್ಕ ತಪಾಸಣೆಯಲ್ಲಿ ಆರು ಮಿಲಿಗ್ರಾಂ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಕಾಣೆಯಾದ ಮಾರ್ಫಿನ್‌ಗೆ ಇವರಿಗೆ ಮೊದಲು ಹೊಳೆಯುವ ಅರ್ಥ ಒಂದೇ: ನರ್ಸೇ ಚುಚ್ಚಿಕೊಂಡಿರಬೇಕು. ಹಾಗೆ ಚುಚ್ಚಿಕೊಳ್ಳುವವರೂ ಇದ್ದಾರೆ, ಅದಕ್ಕೇ ಆ ಯಂತ್ರ ಬಂದದ್ದು. ಆದ್ದರಿಂದ ಆಸ್ಪತ್ರೆಯ ಮೇಲೆ ಮನಸಾರೆ ಸಿಟ್ಟಾಗಲೂ ನನಗೆ ಬಾರದು.

ಮೂತ್ರ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೆ ಅದು ಎರಡು ಮೂರು ದಿನ ಹಿಂದಿನದನ್ನಷ್ಟೇ ಹೇಳಬಲ್ಲದು, ಆ ರಾತ್ರಿ ಕಳೆದು ಆಗಲೇ ಎರಡು ವಾರವಾಗಿತ್ತು. ಈಗ ಕೂದಲ ಪರೀಕ್ಷೆಗೆ ಕೊಟ್ಟಿದ್ದೇನೆ, ಅದು ಸುಮಾರು ಮೂರು ತಿಂಗಳ ಕಥೆ ಹೇಳುತ್ತದೆಯಂತೆ. ಅಮ್ಮ ಎಣ್ಣೆ ತಿಕ್ಕಿ ಬೆಳೆಸಿದ ಕೂದಲು ಸಾಕ್ಷಿ ನುಡಿಯಲಿ.

ಇನ್ನು ನಿಮ್ಮ ಮಾತು. ‘ಲೈಸೆನ್ಸನ್ನು ಅವರ ಮುಖಕ್ಕೆ ಎಸೆದು, ಕೇಳಿದ ಕಡೆ ಸಹಿ ಹಾಕಿ ಬಾ, ಮಾನ ಉಳಿಯಲಿ’ ಎಂದು ಬರೆದಿದ್ದೀರಿ. ಅಪ್ಪ, ಅದೊಂದನ್ನು ಹೇಳಬೇಡಿ. ತನಿಖೆಯ ನಡುವೆ ಲೈಸೆನ್ಸ್ ಒಪ್ಪಿಸಿದರೆ ಅದು ಶಿಕ್ಷೆಯ ಸಾಲಿನಲ್ಲೇ ದಾಖಲಾಗುತ್ತದೆ. ನರ್ಸುಗಳ ಲೈಸೆನ್ಸ್ ದಾಖಲೆಯಿರುವ ನರ್ಸಿಸ್ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಹೆಸರು ಹಾಕಿ ನೋಡಬಹುದು, ಶೇಖರ ಮಾವನೂ ಸಹ. ಇಂದು ನನ್ನ ಟೆಕ್ಸಾಸ್ ಲೈಸೆನ್ಸ್ ಸುಮಾರು ನಲವತ್ತು ರಾಜ್ಯಗಳಲ್ಲಿ ನಡೆಯುತ್ತದೆ. ಒಪ್ಪಿಸಿದ ಮೇಲೆ ಬೇರೆ ದೇಶಕ್ಕೆ ಅರ್ಜಿ ಹಾಕಿದರೂ ಹಳೆಯ ಬೋರ್ಡಿನ ಪತ್ರ ತಾ ಎನ್ನುತ್ತಾರೆ. ಮಾನ ಉಳಿಯುವುದು ಎಲ್ಲಿ?

ಚಟವಿರುವ ನರ್ಸುಗಳಿಗೆ ಶಿಕ್ಷೆಯ ಬದಲು ಚಿಕಿತ್ಸೆ ಕೊಡಿಸಿ ನಿಗಾ ಇಡುವ ಕಾರ್ಯಕ್ರಮವೂ ಇಲ್ಲಿದೆ. ಅದಕ್ಕೆ ಸೇರಿಬಿಡು, ಬೇಗ ಮುಗಿಯುತ್ತದೆ ಎಂದು ಇಲ್ಲಿಯೂ ಒಬ್ಬರು ಹೇಳಿದರು. ನನ್ನ ಜೊತೆ ಕೆಲಸ ಮಾಡಿದವಳೊಬ್ಬಳು ಅದರಿಂದಲೇ ಬದುಕಿ ವಾರ್ಡಿಗೆ ಮರಳಿದಳು, ಹಗುರಾಗಿ ಆಡಲಾರೆ. ಆದರೆ ಇಲ್ಲದ ಚಟಕ್ಕೆ ನಾನೇಕೆ ಸಹಿ ಹಾಕಲಿ? ಸೇರಿದರೆ, ಇವತ್ತು ಪರೀಕ್ಷೆಗೆ ನನ್ನ ಸರದಿಯೇ ಎಂದು ದಿನವೂ ವಿಚಾರಿಸಬೇಕು. ಮದ್ಯಸಾರವಿರುವ ಔಷಧಿಯಿಂದ ಬಾಯಿ ಮುಕ್ಕಳಿಸುವಂತಿಲ್ಲ. ನಗಬೇಡಿ, ಗಸಗಸೆಯೂ ಕೂಡದು! ಅದನ್ನು ತಿಂದರೆ ಮೂತ್ರದಲ್ಲಿ ಮಾರ್ಫಿನ್ ಕಾಣಿಸಬಹುದು. ಆ ಗೊಂದಲಕ್ಕಾಗಿಯೇ 1998ರಲ್ಲಿ ಇಲ್ಲಿನ ಸರ್ಕಾರ ನೌಕರರ ಪರೀಕ್ಷೆಯ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2000ಕ್ಕೆ ಏರಿಸಿತು. 2023ರಲ್ಲಿ ರಕ್ಷಣಾ ಇಲಾಖೆ ಸೈನಿಕರಿಗೂ ಗಸಗಸೆ ಬೇಡವೆಂದಿತು. ನಾನು ಯಾವ ಕಾರ್ಯಕ್ರಮಕ್ಕೂ ಸೇರಿಲ್ಲ, ಆದರೂ ಅಮ್ಮ ಕಳಿಸಿದ ಪೊಟ್ಟಣ ಸ್ನೇಹಿತೆಯ ಮನೆ ಸೇರಿದೆ. ಅಮ್ಮನಿಗೆ ಹೇಳಬೇಡಿ, ಪಾಯಸ ಮಾಡಿಕೊಂಡೆನೆಂದು ಹೇಳಿದ್ದೇನೆ.

ಲೈಸೆನ್ಸ್ ಪ್ರಕರಣಗಳನ್ನೇ ನಡೆಸುವ ವಕೀಲರೊಬ್ಬರನ್ನು ಗೊತ್ತು ಮಾಡಿದ್ದೇನೆ. ಹಣದ ಚಿಂತೆ ಬೇಡ. ವರ್ಷಕ್ಕೆ ನೂರು ಚಿಲ್ಲರೆ ಡಾಲರಿನ ಸ್ವಂತ ವಿಮೆಯಿದೆ, ಅದರಲ್ಲಿ ಇಂಥ ದೂರಿನ ಖರ್ಚೂ ಸೇರಿದೆ. ಆಸ್ಪತ್ರೆಯ ವಿಮೆ ಇರುವಾಗ ಇದೇಕೆ ಎಂದು ಆಗ ಗೊಣಗಿದ್ದೆ. ಅದು ಆಸ್ಪತ್ರೆಯನ್ನು ಕಾಯುತ್ತದೆಯೇ ಹೊರತು ನನ್ನನ್ನಲ್ಲ ಎಂದು ಈಗ ಗೊತ್ತಾಯಿತು. ತನಿಖಾಧಿಕಾರಿಯೊಡನೆ ಫೋನಿನಲ್ಲಿ ಮಾತು ಬೇಡ, ಬರೆದೇ ಕೊಡೋಣ ಎಂದಿದ್ದಾರೆ ವಕೀಲರು. ನಿಮಗೆ ಕಚೇರಿಯಲ್ಲಿ ಮೆಮೋ ಬಂದಾಗ ಸಮಜಾಯಿಷಿಯನ್ನು ಮೂರು ಸಲ ಬರೆದು ಹರಿದು ನಾಲ್ಕನೆಯದನ್ನು ಕೊಟ್ಟಿರಲ್ಲ, ಅದೇ ಪಾಠ. ದಾಖಲಿಸದಿದ್ದದ್ದು ನನ್ನ ತಪ್ಪು, ಅದನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಂಡಿದ್ದೇನೆ. ಕದ್ದೆನೆಂಬುದನ್ನು ಒಪ್ಪುವುದಿಲ್ಲ.

ಲೈಸೆನ್ಸ್ ಇಂದಿಗೂ ಚಾಲ್ತಿಯಲ್ಲಿದೆ. ಕೆಲಸಕ್ಕೆ ಮಾತ್ರ ಸದ್ಯ ಹೋಗುತ್ತಿಲ್ಲ, ರಜೆಯೆಂದುಕೊಳ್ಳಿ. ಊಟ ಸರಿಯಾಗಿದೆ, ನಿದ್ದೆ ಚೆನ್ನಾಗಿದೆ. ಇದನ್ನು ಬರೆಯುವಾಗ ಮೂರು ಗಂಟೆಯಾಗಿರುವುದು ರಾತ್ರಿ ಪಾಳಿಯ ಅಭ್ಯಾಸ, ಬೇರೇನೂ ಇಲ್ಲ. ಈ ತಿಂಗಳು ಕಳಿಸುವುದು ಸ್ವಲ್ಪ ಕಡಿಮೆಯಾಗಬಹುದು; ಸುಮಾಳ ಫೀಸಿಗೆ ಖಂಡಿತ ತೊಂದರೆಯಿಲ್ಲ, ಖಂಡಿತ.

ಬೆಳಿಗ್ಗೆ ಎಂಟಕ್ಕೆ ವಕೀಲರಿಗೆ ಸಮಜಾಯಿಷಿ ಕಳಿಸಬೇಕು, ನಾನಿನ್ನೂ ಎರಡನೆಯದನ್ನೇ ಹರಿಯುತ್ತಿದ್ದೇನೆ. ಭಾನುವಾರ ಫೋನ್ ಮಾಡುತ್ತೇನೆ. ಅಮ್ಮ ಹತ್ತಿರದಲ್ಲಿದ್ದರೆ ಈ ವಿಷಯ ಎತ್ತಬೇಡಿ.

ಇಂತಿ ನಿಮ್ಮ ಮಗಳು,
ಲತಾ