ಪುಟ್ಟ ಸೋಮಾರಿ ಅಲ್ಲ, ಅಮ್ಮಾ

ಅಮ್ಮಾ,

ಪುಣೆಯಿಂದ ಫ್ರೈಬುರ್ಗ್‌ಗೆ ವಾಪಸ್ ಬಂದು ಎಂಟು ದಿನ ಆಯ್ತು. ಫೋನಿನಲ್ಲಿ ಹೇಳೋಣ ಅಂದರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು.

ಕೋಥ್ರುಡ್‌ನಲ್ಲಿ ಅಕ್ಕನ ಗೃಹಪ್ರವೇಶದ ದಿನ ಅರಿಶಿನ ಕುಂಕುಮದ ತಟ್ಟೆ, ಬೆಂಕಿಪೊಟ್ಟಣ ಎರಡೂ ತಾ ಅಂತ ಪುಟ್ಟನನ್ನು ಒಳಗೆ ಕಳಿಸಿದೆವು, ನೆನಪಿದೆ ಅಲ್ವಾ? ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಫ್ರಿಜ್ ಪಕ್ಕದ ಗೋಡೆಗೆ ಒರಗಿ, ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದ. ಹಾಲ್‌ನಲ್ಲಿ ನಮ್ಮ ಊರಿನವರು, ಪುಣೆಯ ಕನ್ನಡದವರು ಎಲ್ಲ ಸೇರಿ ಮೂವತ್ತು ಜನ ಒಟ್ಟಿಗೆ ಮಾತಾಡುತ್ತಿದ್ದರು, ಮಿಕ್ಸಿ ಬೇರೆ ಓಡುತ್ತಿತ್ತು. "ಅಮ್ಮಾ, ಏನು ತರೋಕೆ ಹೇಳಿದ್ದು?" ಅಂದ. ದೊಡ್ಡಪ್ಪ "ಮೊಬೈಲ್ ಜಾಸ್ತಿ ಆಗಿದೆ, ಸೋಮಾರಿ ಆಗಿದ್ದಾನೆ" ಅಂದರು. ಆಮೇಲೆ ಅಪ್ಪ ಏಳರ ಮಗ್ಗಿ ಕೇಳಿದರು. ಏಳ್ನಾಲ್ಕಕ್ಕೆ ನಿಂತುಬಿಟ್ಟ, ಅತ್ತ. ನಾನು ಏನೂ ಹೇಳದೆ ಸುಮ್ನಿದ್ದೆ. ಅದು ನನ್ನ ತಪ್ಪು.

ಹೋದ ವರ್ಷ ಜೂನ್‌ನಲ್ಲಿ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದ್ದೆವು ಅಂತ ಮಾತ್ರ ನಿಮಗೆ ಹೇಳಿದ್ದೆ. ಅದು ಮೆದುಳಿಗೆ ಬಂದ ಜ್ವರ, ಅಮ್ಮಾ. ಉಣುಗು ಕಚ್ಚಿ ಬರುತ್ತದೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ನಿನಗೆ ಗೊತ್ತಲ್ಲ, ಈ ವೈರಸ್ ಅದರ ಹತ್ತಿರದ ಸಂಬಂಧಿ. ಕಾಯಿಲೆ ಬೇರೆ, ಉಣುಗಿನ ಜಾತಿಯೂ ಬೇರೆ. ಇಲ್ಲಿ ಎಫ್‌ಎಸ್‌ಎಂಇ ಅನ್ನುತ್ತಾರೆ. ಜರ್ಮನಿಯಲ್ಲಿ ಇದು ಜಾಸ್ತಿ ಇರುವುದೇ ನಾವಿರುವ ಬಾಡನ್-ವ್ಯುರ್ಟೆಂಬರ್ಗ್‌ನಲ್ಲಿ ಮತ್ತು ಪಕ್ಕದ ಬವೇರಿಯಾದಲ್ಲಿ.

ಕಾಡಿಗೆ ಹೋಗಿ ಬಂದ ಸಂಜೆ ಸ್ನಾನ ಮಾಡಿಸುವಾಗ ಅವನ ಕಿವಿಯ ಹಿಂದೆ, ಕೂದಲು ಶುರುವಾಗುವ ಕಡೆ, ಎಳ್ಳಿನಷ್ಟು ಚಿಕ್ಕ ಉಣುಗು ಸಿಕ್ಕಿತ್ತು. ಕಿತ್ತು ಬಿಸಾಡಿ ಮರೆತೆ. ಈ ವೈರಸ್ ಉಣುಗಿನ ಎಂಜಲಿನಲ್ಲೇ ಇರುತ್ತದಂತೆ, ಕಚ್ಚಿದ ಕೆಲವೇ ನಿಮಿಷಗಳಲ್ಲಿ ಒಳಗೆ ಹೋಗಿರುತ್ತದೆ. ಹತ್ತು ದಿನಕ್ಕೆ ಜ್ವರ ಬಂತು, ನಾಲ್ಕು ದಿನಕ್ಕೆ ಬಿಟ್ಟಿತು. ಡಾಕ್ಟರ್ ಸಾಮಾನ್ಯ ಫ್ಲೂ ಅಂದರು. ಒಂದು ವಾರ ಶಾಲೆಗೂ ಹೋದ. ಆಮೇಲೆ ಮತ್ತೆ ಜ್ವರ, ತಲೆನೋವು, ವಾಂತಿ, ನಡೆದರೆ ತೂರಾಡುವುದು. ಈ ಕಾಯಿಲೆ ಹೀಗೇ ಎರಡು ಸಲ ಬರುತ್ತದೆ, ನಡುವೆ ವಾಸಿಯಾಯ್ತು ಅಂತ ಅನ್ನಿಸಿಬಿಡುತ್ತದೆ. ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದು, ರಕ್ತ ನೋಡಿ ಹೇಳಿದರು. ಇದಕ್ಕೇ ಅಂತ ಔಷಧಿ ಇಲ್ಲ. ಜ್ವರಕ್ಕೆ, ನೋವಿಗೆ ಕೊಟ್ಟು ಕಾಯಬೇಕು ಅಷ್ಟೇ.

ಮಕ್ಕಳಿಗೆ ದೊಡ್ಡವರಷ್ಟು ಜೋರಾಗಿ ಬರಲ್ಲ ಅಂತ ಅಲ್ಲಿ ಎಲ್ಲರೂ ಧೈರ್ಯ ಹೇಳಿದರು. ಅದು ನಿಜವೇ. ಅವನ ಕೈಕಾಲು ಚೆನ್ನಾಗಿದೆ, ಓಡುತ್ತಾನೆ, ಸೈಕಲ್ ತುಳಿಯುತ್ತಾನೆ. ಆದರೆ ಮೇಲೆ ನೋಡಿ ವಾಸಿಯಾಗಿದ್ದಾನೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಕಷ್ಟ ಇರುವುದು ಅಲ್ಲೇ. ಸ್ವೀಡನ್ನಿನಲ್ಲಿ ಈ ಕಾಯಿಲೆ ಬಂದ ಮಕ್ಕಳನ್ನು ವರ್ಷಗಳ ಮೇಲೆ ಪರೀಕ್ಷೆ ಮಾಡಿದಾಗಲೂ ಹಲವರಲ್ಲಿ ನೆನಪಿನ ತೊಂದರೆ, ತಲೆನೋವು, ಸುಸ್ತು, ಸಿಡುಕು ಉಳಿದಿತ್ತು. ಪುಟ್ಟನಿಗೆ ಹಳೆಯದೆಲ್ಲ ನೆನಪಿದೆ. ನಮ್ಮ ಕೊಟ್ಟಿಗೆಯ ಹಸುಗಳ ಹೆಸರು ಒಂದೂ ತಪ್ಪದೆ ಹೇಳುತ್ತಾನೆ. ಈಗ ಹೇಳಿದ ಎರಡು ಮಾತನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಲು ಆಗಲ್ಲ. ಗದ್ದಲ ಇದ್ದರಂತೂ ಒಂದೂ ನಿಲ್ಲಲ್ಲ. ಮೊದಲು ಬಾಯಿಗೆ ತಾನಾಗಿ ಬರುತ್ತಿದ್ದ ಮಗ್ಗಿ ಈಗ ಯಾಕೆ ಬರುತ್ತಿಲ್ಲ ಅಂತ ಅವನಿಗೇ ಗೊತ್ತಾಗಲ್ಲ, ಅದಕ್ಕೇ ಅಳು.

ಶಾಲೆಯಲ್ಲಿ ಈಗ ಒಂದು ಸಲಕ್ಕೆ ಒಂದೇ ಕೆಲಸ ಹೇಳುತ್ತಾರೆ, ನಡುವೆ ಮಲಗಲು ಬಿಡುತ್ತಾರೆ. ನೀವೂ ಹಾಗೇ ಮಾಡಿ. ತಟ್ಟೆ ತಂದ ಮೇಲೆ ಬೆಂಕಿಪೊಟ್ಟಣ ಕೇಳಿ. ದೊಡ್ಡಪ್ಪನಿಗೆ ಅಪ್ಪನೇ ಹೇಳಲಿ, ನಾನು ಹೇಳಿದರೆ ಜಗಳ ಆಗುತ್ತದೆ.

ಇದಕ್ಕೆ ಲಸಿಕೆ ಇದೆ, ಅಮ್ಮಾ. ಒಂದು ವರ್ಷ ತುಂಬಿದ ಮಕ್ಕಳಿಗೂ ಕೊಡುತ್ತಾರೆ, ಮೂರು ಡೋಸ್. ನಾವು ಇವತ್ತು ನಾಳೆ ಅಂತ ಮುಂದೆ ಹಾಕಿದೆವು. ರಾತ್ರಿ ಅದನ್ನು ನೆನೆದರೆ ನಿದ್ದೆ ಬರಲ್ಲ. ಅಕ್ಕ ಮಕ್ಕಳನ್ನು ಕರೆದುಕೊಂಡು ಮೇ ತಿಂಗಳಲ್ಲಿ ಇಲ್ಲಿಗೆ ಬರುತ್ತಾಳಂತೆ. ಮೊದಲ ಎರಡು ಡೋಸ್ ಎರಡು ವಾರದ ಅಂತರದಲ್ಲೂ ಕೊಡುತ್ತಾರೆ, ಅದಾಗುವವರೆಗೆ ಅವರನ್ನು ಕಾಡಿನ ಕಡೆ ಬಿಡಲ್ಲ ಅಂತ ಅವಳಿಗೆ ಆಗಲೇ ಹೇಳಿದ್ದೇನೆ.

ಭಾನುವಾರ ನಿಮ್ಮ ಊಟ ಮುಗಿದ ಮೇಲೆ ಫೋನ್ ಮಾಡು. ಇಲ್ಲಿ ಆಗ ಬೆಳಿಗ್ಗೆ, ಪುಟ್ಟ ಲವಲವಿಕೆಯಿಂದ ಇರುತ್ತಾನೆ. ಅಪ್ಪ ಮಗ್ಗಿ ಕೇಳುವುದು ಬೇಡ, ಹಸುಗಳ ಬಗ್ಗೆ ಕೇಳಲಿ.

ನಿನ್ನ ಮಗಳು