ಖಿಮ್ ಅನ್ನು ಸಂತೂರ್ ಎನ್ನಬೇಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಥಾಯ್ಲೆಂಡಿನ ಖಿಮ್ ವಾದ್ಯದ ಚಿತ್ರ ಹಾಕಿ ಕೆಳಗೆ ‘ಥಾಯ್ ಸಂತೂರ್’ ಎಂದು ಅಚ್ಚಾಗಿದೆ. ಎರಡೂ ಕೋಲಿನಿಂದ ತಂತಿ ಬಡಿದು ನುಡಿಸುವ ವಾದ್ಯಗಳೇ, ಆಕಾರದಲ್ಲೂ ಹೋಲಿಕೆ ಇದೆ, ಒಪ್ಪೋಣ. ಆದರೆ ಈ ಅಡಿಬರಹ ನಂಬಿಕೊಂಡು ಖಿಮ್‌ಗೆ ಸಂತೂರಿನ ಲೆಕ್ಕದಲ್ಲಿ ಶ್ರುತಿ ಮಾಡಲು ಕೂತವರಿಗೆ ಅರ್ಧ ಗಂಟೆಯಲ್ಲಿ ತಲೆ ಕೆಡುವುದು ಖಂಡಿತ.

ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಗಳ ಖಿಮ್ ಹುಟ್ಟಿದ್ದು ಚೀನಾದ ಯಾಂಗ್‌ಚಿನ್‌ನಿಂದ. ‘ಚಿನ್’ ಎಂಬ ಪದವನ್ನು ದಕ್ಷಿಣ ಚೀನಾ ಕರಾವಳಿಯ ಆಡುಮಾತಿನಲ್ಲಿ ‘ಖಿಮ್’ ಎನ್ನುತ್ತಾರೆ. ಬಂದ ದಾರಿ ಹೆಸರಿನಲ್ಲೇ ಇದೆ.

ಕಾಶ್ಮೀರದ ಸಂತೂರಿನಲ್ಲಿ ಸಾಮಾನ್ಯವಾಗಿ ನಾಲ್ಕು ತಂತಿಗೊಂದು ಬಿಡಿ ಕುದುರೆ, ಅಂದರೆ ತಂತಿಯನ್ನು ಎತ್ತಿ ಹಿಡಿಯುವ ತುಂಡು. ಖಿಮ್‌ನಲ್ಲಿ ಹಾಗಲ್ಲ, ಇಡೀ ಹಲಗೆಗೆ ಉದ್ದನೆಯ ಎರಡೇ ಕುದುರೆಗಳು. ಹೆಚ್ಚು ಬಳಕೆಯ ಖಿಮ್‌ನಲ್ಲಿ ಒಂದೊಂದು ಕುದುರೆಗೆ 7 ಮೊನೆ, ಮೊನೆಗೆ 3 ಹಿತ್ತಾಳೆ ತಂತಿಯ ಒಂದು ಸಾಲು, ಒಟ್ಟು 42 ತಂತಿ. ಬಲ ಕುದುರೆಯ ತಂತಿಗಳನ್ನು ಅದರ ಎಡಕ್ಕೆ ಮಾತ್ರ ಬಡಿಯುತ್ತಾರೆ. ಎಡ ಕುದುರೆಯ ತಂತಿಗಳು ಎರಡೂ ಬದಿಯಲ್ಲಿ ನುಡಿಯುತ್ತವೆ. ಹೀಗೆ 14 ಸಾಲಿನಲ್ಲಿ 21 ಸ್ವರ.

ಎಡಬಟ್ಟಾಗುವುದು ಈ ಎಡ ಕುದುರೆಯಲ್ಲೇ. ಅದು ತಂತಿಯನ್ನು ಹೆಚ್ಚುಕಡಿಮೆ 3:2ರಲ್ಲಿ ಭಾಗ ಮಾಡುತ್ತದೆ. ಬಲಬದಿಯಲ್ಲಿ ಷಡ್ಜ ನುಡಿದರೆ ಎಡಬದಿಯಲ್ಲಿ ಅದರ ಪಂಚಮ ತಾನಾಗಿ ಬರುತ್ತದೆ. ತಂತಿ ಬಿಗಿಸುವ ಬಿರಡೆ ಮಾತ್ರ ಎರಡಕ್ಕೂ ಒಂದೇ. ಈಗ ಹಾರ್ಮೋನಿಯಂ ಇಟ್ಟುಕೊಂಡು ಶಂಕರಾಭರಣದ ಸ್ವರಗಳಿಗೆ ಕೂಡಿಸಿ ನೋಡಿ. ಸ–ಪ, ರಿ–ದ, ಗ–ನಿ ಎಲ್ಲ ಸಲೀಸು. ನಿಷಾದದ ಸಾಲಿಗೆ ಬಂದಾಗ ಎಡಬದಿಯಲ್ಲಿ ಶುದ್ಧ ಮಧ್ಯಮದ ಬದಲು ಅದಕ್ಕಿಂತ ಅರ್ಧ ಸ್ವರ ಮೇಲಿನ ಪ್ರತಿ ಮಧ್ಯಮ ಕೇಳುತ್ತದೆ! ಬಿರಡೆ ಎಷ್ಟು ತಿರುವಿದರೂ ಅಷ್ಟೇ, ಎಡ ಸರಿಹೋದರೆ ಬಲ ಕೆಡುತ್ತದೆ. 60 ಸೆಂ.ಮೀ. ನುಡಿಯುವ ತಂತಿಯಾದರೆ ಆ ಒಂದು ಸಾಲಿಗೆ ಮಾತ್ರ ಕುದುರೆಯನ್ನು ಎಂಟೂವರೆ ಮಿ.ಮೀ.ನಷ್ಟು ಬಲಕ್ಕೆ ತಳ್ಳಬೇಕು. ಅಷ್ಟು ಜಾಗ ಮೊನೆಯ ಮೇಲೆಲ್ಲಿದೆ?

ಥಾಯ್ ಸಂಗೀತದವರಿಗೆ ಈ ತಾಪತ್ರಯವೇ ಇಲ್ಲ. ಅವರ ಹಳೆಯ ಪದ್ಧತಿಯಲ್ಲಿ ಸ್ಥಾಯಿಯನ್ನು ಏಳು ಸಮಪಾಲು ಮಾಡುತ್ತಾರೆ, ಒಂದು ಪಾಲು ಸುಮಾರು 171 ಸೆಂಟ್ (ಇಡೀ ಸ್ಥಾಯಿಗೆ 1200 ಸೆಂಟ್). ಸೆಂಟ್ ಎಂಬ ಅಳತೆಯನ್ನು ಬಳಕೆಗೆ ತಂದ ಅಲೆಕ್ಸಾಂಡರ್ ಎಲ್ಲಿಸ್ 1885ರಲ್ಲೇ ಇದನ್ನು ಗುರುತಿಸಿದ್ದರು. ಮೆಟ್ಟಿಲೆಲ್ಲ ಸಮವಾದ ಮೇಲೆ ಯಾವ ಸ್ವರದಿಂದ ಹೊರಟರೂ ನಾಲ್ಕು ಮೆಟ್ಟಿಲಿಗೆ ಒಂದೇ ಅಂತರ, 686 ಸೆಂಟ್. ಒಂದೇ ಕುದುರೆ ಏಳಕ್ಕೂ ಸಾಕು. ನಮ್ಮ ಪಂಚಮ 702 ಸೆಂಟ್ ಆದ್ದರಿಂದ ಅದೇ 60 ಸೆಂ.ಮೀ. ತಂತಿಯಲ್ಲಿ ಅವರ ಕುದುರೆ ನಮ್ಮ ಪಂಚಮದ ಜಾಗಕ್ಕಿಂತ ಒಂದೂಕಾಲು ಮಿ.ಮೀ.ಗೂ ತುಸು ಹೆಚ್ಚು ಬಲಕ್ಕಿರುತ್ತದೆ. ಕಣ್ಣಿಗೆ ಕಾಣದ ಈ ವ್ಯತ್ಯಾಸ ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಕೇಳುವವರು ಅಪಸ್ವರ ಎಂದು ಮೂಗು ಮುರಿಯುವುದೂ ಇದಕ್ಕೇ.

ಶ್ರುತಿ ಮಾಡುವಾಗ ಮೂರರಲ್ಲಿ ಎರಡು ತಂತಿಗೆ ಬಟ್ಟೆಯ ಚೂರು ಸಿಕ್ಕಿಸಿ ಒಂದನ್ನು ಕೂಡಿಸಬೇಕು. ಆಮೇಲೆ ಒಂದೊಂದಾಗಿ ಬಿಟ್ಟು, ‘ವಂವ್ ವಂವ್’ ಎಂಬ ಅಲೆ ನಿಲ್ಲುವವರೆಗೆ ಸೇರಿಸಬೇಕು. ತಂತಿ ಕಡಿಯುವುದು ಹೆಚ್ಚಾಗಿ ಹಳತಾದ್ದರಿಂದಲ್ಲ, ತಪ್ಪು ಬಿರಡೆ ತಿರುವಿದ್ದರಿಂದ. ಬಡಿದ ತಂತಿಯಲ್ಲಿ ಬದಲಾವಣೆ ಕೇಳಲಿಲ್ಲವೆಂದು ಇನ್ನೂ ತಿರುವುತ್ತಾರೆ, ಅಷ್ಟರಲ್ಲಿ ಪಕ್ಕದ್ದು ‘ಟಪ್’ ಎನ್ನುತ್ತದೆ. ತಂತಿಯನ್ನು ಕಣ್ಣಿನಿಂದ ಬಿರಡೆಯವರೆಗೆ ಹಿಂಬಾಲಿಸಿಯೇ ಕೀಲಿ ಹಾಕಬೇಕು. ಒಂದೇ ಸುತ್ತಿಗೆ ಮುಗಿಸುವ ಆಸೆಯೂ ಬೇಡ. ತಂತಿಗಳ ಬಿಗಿತಕ್ಕೆ ಹಲಗೆ ತುಸು ಬಾಗುವುದರಿಂದ ಮೊದಲು ಕೂಡಿಸಿದ್ದು ಇಳಿದಿರುತ್ತದೆ, ಎರಡು ಮೂರು ಸುತ್ತು ಬೇಕೇ ಬೇಕು.

ಬಲಬದಿ ಸರಿಯಿದ್ದು ಎಡಬದಿಯ ಒಂದೇ ಸಾಲು ತಪ್ಪಿದ್ದರೆ ಕುದುರೆಗೆ ಕೈ ಹಾಕಬೇಡಿ. ತಂತಿ ಮೊನೆಯಲ್ಲಿ ಕಚ್ಚಿಕೊಂಡು ಎರಡು ಬದಿಯ ಬಿಗಿತ ಬೇರೆಯಾಗಿರುತ್ತದೆ. ಮೊನೆಯ ಹತ್ತಿರ ಬೆರಳಿನಿಂದ ಒತ್ತಿದರೆ ಸಡಿಲುತ್ತದೆ, ಗೀರಿಗೆ ಪೆನ್ಸಿಲ್ ಸೀಸ ಸವರಿದರೆ ಮತ್ತೆ ಕಚ್ಚುವುದು ಕಡಿಮೆ.

ಕೋಲಿನ ಮಾತು ಬೇರೆ. ಸಂತೂರಿನ ಮರದ ಕಲಮ್ ಇಲ್ಲಿ ಹೊಂದುವುದಿಲ್ಲ. ಖಿಮ್‌ಗೆ ಬಳುಕುವ ತೆಳ್ಳನೆಯ ಬಿದಿರು, ಬಡಿಯುವ ತುದಿಗೆ ಮೆತ್ತನೆಯ ಚರ್ಮ. ಎರಡು ಕೈ ಬಿಡದೆ ಬಡಿದು ಸ್ವರ ಹಿಡಿದಿಡುವ ‘ಕ್ರೋ’ ಸಾಧ್ಯವಾಗುವುದು ಆ ಬಳುಕಿನಿಂದ. ಚರ್ಮ ಸವೆದರೆ ಹಿತ್ತಾಳೆಯ ಮೇಲೆ ಬರಿ ಬಿದಿರು ಬಿದ್ದು ನಾದ ಸೀಳುತ್ತದೆ. ಹಾಗಾದಾಗ ವಾದ್ಯವನ್ನು ದೂರದೆ ಚರ್ಮ ಬದಲಿಸಿದರೆ ಸಾಕು.

ಮುಂದಿನ ಸಲ ಚಿತ್ರದ ಕೆಳಗೆ ‘ಖಿಮ್’ ಎಂದಷ್ಟೇ ಇರಲಿ.

– ವಾದ್ಯಗಳ ಶ್ರುತಿ, ದುರಸ್ತಿ ಮಾಡುವ ಓದುಗರು